ಕಂಪ್ಯೂಟರಮ್ಮನ ಹಳದಿ ಚೌಕ

ನನ್ನ ಹೆಂಡತಿಯ ನಿಜವಾದ ಹೆಸರು ಆಸ್ಪತ್ರೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮಕ್ಕಳ ವಾರ್ಡಿನ ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಕಂಪ್ಯೂಟರಮ್ಮ. ಮೊದಮೊದಲು ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಟೈಲರ್. ನನ್ನನ್ನು ಯಾರಾದರೂ ಮಿಷನ್ನಪ್ಪ ಎಂದು ಕರೆದಿದ್ದರೆ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಇಳಿಯುತ್ತಿದ್ದೆ. ಅವಳು ಮಾತ್ರ ಆ ಹೆಸರನ್ನು ಹೊಸ ಬಟ್ಟೆಯಂತೆ ತೊಟ್ಟು ಓಡಾಡಿದಳು. "ಆ ಹೆಸರು ಅಪ್ಪ ಅಮ್ಮ ಇಟ್ಟಿದ್ದು, ಇದು ನಾನೇ ದುಡಿದು ತಗೊಂಡಿದ್ದು" ಎನ್ನುತ್ತಿದ್ದಳು. ಈಗ ನನ್ನ ಫೋನಿನಲ್ಲೂ ಅವಳ ನಂಬರು ಅದೇ ಹೆಸರಿನಲ್ಲಿದೆ.

ಅವಳು ನಿವೃತ್ತಳಾದ ದಿನ ಆಸ್ಪತ್ರೆಯ ಸಭಾಂಗಣದಲ್ಲಿ ನಾಲ್ಕಾರು ಜನ ಮಾತಾಡಿದರು. ಒಂದು ಗೋಡೆ ಗಡಿಯಾರ ಕೊಟ್ಟರು. ಶಿಸ್ತು ಎಂದರು, ಸಮಯಪಾಲನೆ ಎಂದರು, ಒಬ್ಬರಂತೂ ಸದಾ ನಗುಮುಖದ ಸೇವೆ ಎಂದೂ ಹೇಳಿಬಿಟ್ಟರು. ನಗುಮುಖವಂತೆ! ಕೆಲಸದಲ್ಲಿರುವಾಗ ಅವಳನ್ನು ಮಾತಾಡಿಸಿ ಬೈಸಿಕೊಳ್ಳದವರು ಆ ಕಟ್ಟಡದಲ್ಲೇ ಇಲ್ಲ. ಹೋಗಲಿ, ಹೊಗಳುವುದಕ್ಕೆ ಬಂದವರು ಏನಾದರೂ ಹೇಳಲೇಬೇಕಲ್ಲ. ಆದರೆ ಹಳದಿ ಚೌಕದ ಮಾತನ್ನು ಒಬ್ಬರೂ ಎತ್ತಲಿಲ್ಲ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಮನೆಗೆ ಬಂದವನೇ ಬರೆಯಲು ಕೂತೆ. ಹೊಲಿಯುವವನ ಬರವಣಿಗೆ ಇದು, ಟಾಕು ಅಲ್ಲಲ್ಲಿ ಡೊಂಕಾದರೆ ಹೊಂದಿಸಿಕೊಳ್ಳಿ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಮದುವೆಯಾಗಿ ಬಂದಾಗ ಅವಳಿಗೆ ಟೈಪಿಂಗ್ ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ, ಇರುವ ವಿದ್ಯೆಯ ಬಗ್ಗೆ ಹೆಮ್ಮೆಗೇನೂ ಕಮ್ಮಿ ಇರಲಿಲ್ಲ. ಜಗಳವಾದಾಗ ಬೇರೆ ಹೆಂಗಸರು ಮಾತು ಬಿಡುತ್ತಾರೆ, ಪಾತ್ರೆ ಕುಕ್ಕುತ್ತಾರೆ. ಇವಳು ಮೇಜಿನ ಅಂಚಿನ ಮೇಲೆ ಹತ್ತೂ ಬೆರಳಿಟ್ಟು ಟಕಟಕನೆ ಟೈಪ್ ಮಾಡುತ್ತಾಳೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಹೆದರಿಕೊಂಡೇ ಕೇಳಿದೆ, "ಏನು ಬರೀತಿದ್ದೀಯ?"

"ನಿಮ್ಮ ಬಗ್ಗೆನೇ. ಎರಡನೇ ಪುಟ ನಡೀತಿದೆ."

ಆ ಬೆರಳುಗಳ ಮೇಲೆ ಅಂದಿನಿಂದ ನನಗೆ ಭಯವೂ ಇದೆ, ಭಕ್ತಿಯೂ ಇದೆ.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಟೈಪಿಸ್ಟ್ ಆಗಿ ಸೇರಿದಳು. ನೆಲಮಾಳಿಗೆಯ ಕೋಣೆ. ಒಂದು ಗೋಡೆಗೆ ಔಷಧಿಯ ಕಪಾಟುಗಳು, ಇನ್ನೊಂದಕ್ಕೆ ಹಗಲೂ ರಾತ್ರಿ ಗುಂಯ್ಗುಡುವ ದೊಡ್ಡ ಫ್ರಿಜ್ಜುಗಳು, ಮಧ್ಯದಲ್ಲಿ ಇವಳ ಮೇಜು. ಎದುರಿಗೆ ಒಂದು ಕಿಟಕಿ. ಅದರಾಚೆ ವಾರ್ಡುಗಳಿಗೆ ಹೋಗುವ ತಳ್ಳುಗಾಡಿಗಳ ಚಕ್ರಗಳಷ್ಟೇ ಕಾಣುತ್ತಿದ್ದವು. ಯಾವ ಚಕ್ರ ಕಿರುಗುಟ್ಟಿದರೆ ಯಾವ ವಾರ್ಡಿನ ಗಾಡಿ ಎಂದು ತಲೆ ಎತ್ತದೆ ಹೇಳುತ್ತಿದ್ದಳು. ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಔಷಧಿಗಳ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ, ಅಕ್ಷರಗಳ ವಿಷಯದಲ್ಲಿ ಇವಳು ಹೇಳಿದ್ದೇ ಕೊನೆ. ಇಬ್ಬರಿಗೂ ಜಗಳ ತಪ್ಪುತ್ತಿರಲಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಟೀ ಕುಡಿಯುತ್ತಲೂ ಇರಲಿಲ್ಲ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಇವಳ ವಯಸ್ಸಿನವರು ಅದನ್ನು ಮುಟ್ಟಲು ಅಂಜುತ್ತಿದ್ದರು. ಇವಳು ಮೊದಲ ದಿನವೇ ಅದಕ್ಕೆ ಬೈದಳಂತೆ. ಅದು ಎದುರುತ್ತರ ಕೊಡಲಿಲ್ಲ ಎಂದು ಇಷ್ಟವಾಯಿತಂತೆ. ನನ್ನ ಅಂಗಡಿಯಿಂದ ದಾರದ ಧೂಳು ತೆಗೆಯುವ ಬ್ರಷ್ಷನ್ನು ಎತ್ತಿಕೊಂಡು ಹೋಗಿ ಕೀಲಿಗಳ ಸಂದಿ ಗುಡಿಸಲು ಇಟ್ಟುಕೊಂಡಳು. ಪತ್ರ ಬರೆಯುವುದಕ್ಕೆ ವರ್ಡ್ ಕಲಿತಳು. ಲೆಕ್ಕಕ್ಕೆ ಎಕ್ಸೆಲ್ ಕಲಿತಳು. ಆಮೇಲೆ ಅವೆರಡನ್ನೂ ಒಟ್ಟಿಗೆ ಸಂಸಾರ ಮಾಡಿಸುವ ಹುಚ್ಚು ಹಿಡಿಯಿತು.

ಆ ಹುಚ್ಚಿಗೊಂದು ಕಾರಣವಿತ್ತು. ಮಕ್ಕಳಿಗೆ ಕೊಡುವ ಸಿರಪ್ಪುಗಳು ಮಗುವಿನ ತೂಕ ನೋಡಿ ಅಳೆಯಬೇಕಾದವು. ವಾರ್ಡಿನ ಗೋಡೆಗೆ ಒಂದು ಅಚ್ಚಿನ ಹಾಳೆ ಅಂಟಿಸಿರುತ್ತಿದ್ದರು. ಅದರ ಒಂದು ಮೂಲೆ ಹರಿದು, ಇನ್ನೊಂದು ಮೂಲೆಗೆ ಟೀ ಚೆಲ್ಲಿ, ನಡುವಿನ ಸಾಲುಗಳನ್ನು ಅಂದಾಜಿನಲ್ಲಿ ಓದಬೇಕಾಗುತ್ತಿತ್ತು. ಹಾಳೆಯಲ್ಲಿರದ ತೂಕದ ಮಗು ಬಂದರೆ ಸಿಸ್ಟರ್‌ಗಳು ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕುತ್ತಿದ್ದರು. ಒಂದು ಸಂಜೆ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಚ್ಚುವುದಕ್ಕೂ ಮೊದಲೇ ಹೇಳಿದಳು:

"ಅಂಗೈ ಮೇಲೆ ಲೆಕ್ಕ ಮಾಡ್ತಾರೆ ಕಣ್ರೀ! ಕೈ ತೊಳೆದ್ರೆ ಲೆಕ್ಕ ಹೋಯ್ತು. ಇವರಿಗೆ ನಾನೊಂದು ದಾರಿ ಮಾಡ್ಕೊಡ್ತೀನಿ ನೋಡ್ತಿರಿ."

ದಾರಿ ಹೀಗಿತ್ತು. ಪ್ರತಿ ಔಷಧಿಯನ್ನು ಹೇಗೆ ಕೊಡಬೇಕು, ಏನು ಎಚ್ಚರ ವಹಿಸಬೇಕು ಎಂದು ದೊಡ್ಡ ಮೇಡಂ ಬರೆಸಿದ ಕೈಪಿಡಿ ವರ್ಡ್ ಫೈಲಿನಲ್ಲಿತ್ತು. ಆ ಬರಹದ ನಡುವೆಯೇ ಎಕ್ಸೆಲ್ ಶೀಟನ್ನು ಕೂರಿಸುವುದು. ಮಗುವಿನ ತೂಕ ಬರೆದರೆ ಎಷ್ಟು ಮಿಲಿ ಕೊಡಬೇಕೆಂದು ಪಕ್ಕದಲ್ಲೇ ಉತ್ತರ ಬರಬೇಕು. ಓದುವುದೂ ಅಲ್ಲೇ, ಲೆಕ್ಕವೂ ಅಲ್ಲೇ.

ಮೊದಲ ಸಲ ಅವಳು ಶೀಟನ್ನು ತನ್ನ ಕಂಪ್ಯೂಟರಿನಲ್ಲೇ ಇಟ್ಟು, ಕೈಪಿಡಿಯಿಂದ ಅದಕ್ಕೊಂದು ಕೊಂಡಿ ಹಾಕಿದಳು. ಇಲ್ಲಿ ಒಂದು ಅಂಕಿ ತಿದ್ದಿದರೆ ಅಲ್ಲಿ ತಾನಾಗೇ ಬದಲಾಗುತ್ತಿತ್ತು. ಅದನ್ನು ನೋಡಿ ನೋಡಿ ಒಂದು ವಾರ ಹಿಗ್ಗಿದಳು. ನನ್ನನ್ನೂ ಕೂರಿಸಿಕೊಂಡು ತೋರಿಸಿದಳು. ಆಮೇಲೆ ಮೇಲಿನ ಮಹಡಿಯ ಸಭೆಗೆ ಕೈಪಿಡಿಯನ್ನು ಒಯ್ದು, ದೊಡ್ಡ ಡಾಕ್ಟರರೆಲ್ಲ ಕೂತಿದ್ದಾಗ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದಳು. ಕೊಂಡಿ ಇತ್ತು, ಕೊಂಡಿಯ ಆ ತುದಿಯಲ್ಲಿರಬೇಕಾದ ಶೀಟು ನೆಲಮಾಳಿಗೆಯಲ್ಲಿ ಕೂತಿತ್ತು. ಮೂಲ ಫೈಲ್ ಸಿಗುತ್ತಿಲ್ಲ ಎಂದು ಪರದೆ ಮೇಲೆ ಬಂತು. ಎಷ್ಟು ಸಲ ಒತ್ತಿದರೂ ಅದೇ ಬಂತು. ಅಂದು ಮನೆಗೆ ಬಂದು ಮೇಜಿನ ಅಂಚಿನ ಮೇಲೆ ನಾಲ್ಕೈದು ಪುಟ ಟೈಪ್ ಮಾಡಿದಳು. ಈ ಸಲ ನನ್ನ ಬಗ್ಗೆ ಅಲ್ಲ.

ಅದಾದ ಮೇಲೆ ಹಟಕ್ಕೆ ಬಿದ್ದು ಇನ್ನೊಂದು ವಿಧಾನ ಕಲಿತಳು. ಕೊಂಡಿಯೇ ಬೇಡ, ಶೀಟನ್ನು ಪೂರ್ತಿಯಾಗಿ ಕೈಪಿಡಿಯ ಒಳಗೇ ಇಟ್ಟುಬಿಡುವುದು. ನನಗೆ ಅರ್ಥವಾಗುವ ಹಾಗೆ ಅವಳೇ ಹೇಳಿದಳು, "ನೀವು ಅಂಗಿ ಒಳಗೆ ಜೇಬು ಹೊಲೀತೀರಲ್ಲ, ಹಾಗೆ. ಅಂಗಿ ಎಲ್ಲಿಗೆ ಹೋದ್ರೂ ಜೇಬೂ ಜೇಬಲ್ಲಿರೋದೂ ಜೊತೇಲೇ ಹೋಗುತ್ತೆ." ಎರಡು ಸಲ ಕ್ಲಿಕ್ ಮಾಡಿದರೆ ವರ್ಡ್‌ನ ಹಾಳೆಯ ನಡುವೆಯೇ ಎಕ್ಸೆಲ್‌ನ ಚೌಕಗಳು ತೆರೆದುಕೊಳ್ಳುತ್ತಿದ್ದವು. ಮಕ್ಕಳಿರುವ ನಾಲ್ಕೂ ವಾರ್ಡುಗಳ ಕಂಪ್ಯೂಟರಿಗೆ ಕೈಪಿಡಿಯ ಒಂದೊಂದು ಪ್ರತಿ ಕೊಟ್ಟಳು. ಒಂದೊಂದು ವಾರ್ಡಿನವರೂ ತಮ್ಮ ಡಾಕ್ಟರ ಫೋನ್ ನಂಬರು, ತಮ್ಮ ಪಾಳಿಯ ಹೆಸರು ಸೇರಿಸಿಕೊಂಡು ಅದನ್ನು ಸ್ವಂತದ್ದು ಮಾಡಿಕೊಂಡರು. ಅಂಗೈ ಲೆಕ್ಕ ನಿಂತಿತು.

ಆಮೇಲಿನ ದಿನಗಳಲ್ಲಿ ಇವಳನ್ನು ಹಿಡಿಯುವವರು ಯಾರು? ಮಧ್ಯಾಹ್ನ ಊಟವಾದ ಮೇಲೆ ವಾರ್ಡುಗಳ ಸುತ್ತು ಹೊಡೆಯುವಳು. ಕೆಲಸವೇನೂ ಇಲ್ಲ, ಸುಮ್ಮನೆ ತನ್ನ ಶೀಟು ನಡೆಯುವುದನ್ನು ನೋಡಲು. ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್, ಗಟ್ಟಿ ಗಂಟಲಿನ ಹೆಂಗಸು, ಇವಳನ್ನು ಕಂಡರೆ "ಬಂದ್ರಪ್ಪಾ ಮಹಾರಾಣಿ, ಕುರ್ಚಿ ಬಿಡಿ" ಎಂದು ಕೂಗುತ್ತಿದ್ದರು. ಮಹಾರಾಣಿ ಕೂರುತ್ತಿದ್ದಳು ಕೂಡ. ಅಂಗಡಿಯಲ್ಲಿ ನಾನೂ ಅಳತೆ ಕೊಡಲು ಬಂದವರಿಗೆಲ್ಲ ಕೇಳದಿದ್ದರೂ ಈ ಕಥೆ ಹೇಳುತ್ತಿದ್ದೆ. ಕೈ ಎತ್ತಿ ನಿಂತ ಗಿರಾಕಿ ಎಲ್ಲಿಗೆ ಓಡಿಹೋದಾನು?

ಹೀಗೆ ಕೆಲವು ವರ್ಷ ಕಳೆದವು. ಒಂದು ಶನಿವಾರ ಅವಳು ಸ್ವಲ್ಪ ತಡವಾಗಿ ಬಂದಳು. ಫಿಟ್ಸ್ ಬರುವ ಮಕ್ಕಳಿಗೆ ಕೊಡುವ ಸಿರಪ್ಪು ಇನ್ನು ಮೇಲೆ ಹೊಸ ಬಾಟಲಿಯಲ್ಲಿ ಬರುತ್ತದಂತೆ, ಹಳೆಯದಕ್ಕಿಂತ ಎರಡರಷ್ಟು ಗಟ್ಟಿಯಂತೆ. ಅಂದರೆ ಮೊದಲು ಕೊಡುತ್ತಿದ್ದುದರ ಅರ್ಧ ಕೊಟ್ಟರೆ ಸಾಕು. "ಶೀಟಲ್ಲಿ ತಿದ್ದಿಬಿಟ್ಟು ಬಂದೆ. ಒಂದೇ ಒಂದು ಅಂಕಿ" ಎಂದು ಬೆರಳೆತ್ತಿ ತೋರಿಸಿದಳು. ಆ ಬೆರಳಿನ ಗತ್ತು ಈಗಲೂ ನನ್ನ ಕಣ್ಣ ಮುಂದಿದೆ.

ಸೋಮವಾರ ಅವಳಿಗೆ ರಜೆ. ನನಗೆ ಅಂದು ಬೆಳಗಿನಿಂದಲೇ ನೆತ್ತಿ ಕಾದಿತ್ತು. ಒಂದು ಶಾಲೆಯ ಸಮವಸ್ತ್ರ ಒಪ್ಪಿಕೊಂಡಿದ್ದೆ. ನನ್ನ ಬಾವಮೈದುನ, ಅಂದರೆ ಇವಳ ತಮ್ಮ, ಆಚೆ ಬೀದಿಯಲ್ಲಿ ನಮ್ಮದೇ ಇನ್ನೊಂದು ಅಂಗಡಿ ನೋಡಿಕೊಳ್ಳುತ್ತಾನೆ. ಅರ್ಧ ಅಂಗಿಗಳನ್ನು ಅವನಿಗೆ ಕೊಟ್ಟು, ಕತ್ತರಿಸಲು ಮಾದರಿ ಕಾಗದಗಳನ್ನೂ ಕೊಟ್ಟಿದ್ದೆ. ನಡುವೆ ಶಾಲೆಯವರು ಕಾಲರ್ ಸ್ವಲ್ಪ ಅಗಲ ಬೇಕು ಎಂದರು. ನಾನು ನನ್ನ ಕಾಗದವನ್ನು ತಿದ್ದಿ ಕತ್ತರಿಸಿದೆ. ಅವನು ಊಟದ ಹೊತ್ತಿಗೆ ಗಂಟು ಹೊತ್ತುಕೊಂಡು ಬಂದು ಬಿಚ್ಚಿದರೆ, ಅಷ್ಟೂ ಅಂಗಿಗೆ ಹಳೆಯ ಕಾಲರು!

ತಟ್ಟೆ ಮುಂದೆ ಕೂತಿದ್ದವನು ಎದ್ದುಬಿಟ್ಟೆ. "ಕಣ್ಣೇನು ಕಾಜಾ ತೂತು ಅಂದ್ಕೊಂಡಿದ್ದೀಯಾ? ಕಾಲರ್ ಬದಲಾಗಿದ್ದು ಗೊತ್ತಿಲ್ವಾ ನಿನಗೆ?"

"ನೀವು ಕೊಟ್ಟ ಕಾಗದ ಇಟ್ಟೇ ಕತ್ತರಿಸಿದ್ದೀನಿ ಬಾವ."

"ಆ ಕಾಗದ ನಾನು ತಿದ್ದಿ ಎಷ್ಟು ದಿನ ಆಯ್ತು!"

"ನೀವು ತಿದ್ದಿದ್ದು ನಿಮ್ಮ ಕಾಗದ ಬಾವ. ನೀವಲ್ಲಿ ತಿದ್ದಿದ್ರೆ ನನ್ನ ಹತ್ರ ಇರೋದು ತಾನಾಗೇ ಬದಲಾಗುತ್ತಾ?"

ತಮ್ಮನಿಗೆ ನಾನು ಒಂದು ಮಾತು ಅಂದರೆ ಅವಳು ನನಗೆ ಎರಡು ಅನ್ನುವವಳು. ಮಾತು ಬರಲಿ ಎಂದು ಕಾದೆ, ಬರಲಿಲ್ಲ. ತಿರುಗಿ ನೋಡಿದರೆ ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

"ಇನ್ನೊಂದ್ಸಲ ಹೇಳೋ" ಎಂದಳು ತಮ್ಮನಿಗೆ.

"ಏನಕ್ಕ?"

"ಈಗ ಹೇಳಿದ್ಯಲ್ಲ, ಅದು."

ಅವನು ಪಾಪ, ಬೈಸಿಕೊಳ್ಳಲು ಸಿದ್ಧನಾಗಿ, ಮೆಲ್ಲಗೆ ಅದೇ ಮಾತು ಹೇಳಿದ. ಅವಳು ಸೌಟನ್ನು ಅಲ್ಲೇ ಬಿಟ್ಟು ಫೋನಿಗೆ ಓಡಿದಳು.

ಆಗ ನನಗೆ ಏನೂ ತಿಳಿಯಲಿಲ್ಲ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಶನಿವಾರ ಅವಳು ತಿದ್ದಿದ್ದು ನೆಲಮಾಳಿಗೆಯ ತನ್ನ ಶೀಟನ್ನು. ಕೊಂಡಿ ಹಾಕಿದ್ದ ಕಾಲದಲ್ಲಿ ಇಲ್ಲಿ ತಿದ್ದಿದರೆ ಅಲ್ಲಿ ತಾನಾಗೇ ಬದಲಾಗುತ್ತಿತ್ತಲ್ಲ, ಆ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿತ್ತು. ಆದರೆ ವಾರ್ಡುಗಳ ಕೈಪಿಡಿಯೊಳಗೆ ಇದ್ದದ್ದು ನಕಲುಗಳು. ಜೇಬಿನೊಳಗೆ ಹೋದದ್ದು ಅಲ್ಲಿಗೇ ಸೇರಿದ್ದು. ನಾಲ್ಕು ವಾರ್ಡಿನಲ್ಲೂ ಶೀಟು ಹಳೆಯ ಬಾಟಲಿಯ ಲೆಕ್ಕವನ್ನೇ ಹೇಳುತ್ತಿತ್ತು. ಹೊಸ ಬಾಟಲಿಯಿಂದ ಆ ಲೆಕ್ಕದಂತೆ ಅಳೆದರೆ ಮಗುವಿನ ಹೊಟ್ಟೆಗೆ ಎರಡರಷ್ಟು ಔಷಧಿ ಹೋಗುತ್ತದೆ. ಆ ಔಷಧಿ ಹೆಚ್ಚಾದರೆ ಸಣ್ಣ ಮಕ್ಕಳಿಗೆ ಉಸಿರೇ ನಿಧಾನವಾಗಬಹುದು.

"ಮೇಡಂ, ಹೊಸ ಬಾಟಲಿ ವಾರ್ಡಿಗೆ ಹೋಯ್ತಾ?" ಅವಳು ಫೋನಿನಲ್ಲಿ ಕೇಳುತ್ತಿದ್ದಳು. ದೊಡ್ಡ ಮೇಡಂ ಧ್ವನಿ ನನಗೂ ಕೇಳಿಸಿತು. "ಬೆಳಗ್ಗೆ ಗಾಡೀಲಿ ಕಳಿಸಿದ್ವಲ್ಲ. ಮಧ್ಯಾಹ್ನದ ಡೋಸಿಂದ ಅದೇ ಕೊಡ್ತಾರೆ. ಯಾಕೆ?"

"ಯಾರೂ ಕೊಡಬಾರದು. ಶೀಟಲ್ಲಿ ಹಳೇ ಲೆಕ್ಕ ಇದೆ. ನಾಲ್ಕೂ ಕಡೆ ಫೋನ್ ಮಾಡಿ ನಿಲ್ಲಿಸಿ. ನಾನು ಬರ್ತಿದ್ದೀನಿ." ಫೋನಿಟ್ಟು ನನ್ನ ಕಡೆ ತಿರುಗಿದಳು. "ರೀ, ಸ್ಕೂಟರ್ ತೆಗೀರಿ."

ಕೈ ಕೂಡ ತೊಳೆಯದೆ, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಹೊರಟೆ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲಿದ್ದ ಅವಳ ಬೆರಳುಗಳು ಟೈಪ್ ಮಾಡುತ್ತಲೇ ಇದ್ದವು. ಸಿಗ್ನಲ್ಲಿನಲ್ಲಿ ನಿಂತಾಗ "ಯಾರಿಗೆ ಬರೀತಿದ್ದೀಯ?" ಎಂದು ಕೇಳಿದೆ, ಅವಳ ಮನಸ್ಸು ಹಗುರವಾಗಲಿ ಎಂದು. "ಯಾರಿಗೂ ಇಲ್ಲ. ಸುಮ್ನೆ ಓಡ್ಸಿ" ಎಂದಳು.

ಗೇಟಿನಲ್ಲಿ ಸ್ಕೂಟರನ್ನು ಅಡ್ಡ ನಿಲ್ಲಿಸಿದ್ದಕ್ಕೆ ಕಾವಲುಗಾರ ಬಾಯಿ ತೆರೆದ, ಇವಳ ಮುಖ ನೋಡಿ ಮುಚ್ಚಿದ. ದೊಡ್ಡ ಮೇಡಂ ಮೆಟ್ಟಿಲ ಬುಡದಲ್ಲೇ ಸಿಕ್ಕರು. ಮೂರು ವಾರ್ಡಿನವರು ಫೋನ್ ತೆಗೆದಿದ್ದರು, ಅಲ್ಲಿ ನಿಲ್ಲಿಸಲಾಗಿತ್ತು. ಮಕ್ಕಳ ವಾರ್ಡಿನ ಫೋನು ಎಂಗೇಜ್ ಬರುತ್ತಲೇ ಇತ್ತು. ಆಮೇಲೆ ತಿಳಿಯಿತು, ಯಾರೋ ರಿಸೀವರನ್ನು ಸರಿಯಾಗಿ ಇಟ್ಟಿರಲಿಲ್ಲ. ಅಟೆಂಡರನ್ನು ಓಡಿಸಿದ್ದರಂತೆ, ಅವನು ಲಿಫ್ಟಿಗೆ ಕಾಯುತ್ತ ನಿಂತಿದ್ದ. ಇವಳು ಮೆಟ್ಟಿಲು ಹತ್ತಿದಳು. ಮೊಣಕಾಲು ನೋವು ಎಂದು ಮನೆಯ ಮೆಟ್ಟಿಲನ್ನು ಗೊಣಗಿಕೊಂಡು ಹತ್ತುವವಳು, ಅಂದು ನನ್ನ ಕೈಗೆ ಸಿಗಲಿಲ್ಲ.

ವಾರ್ಡಿನ ಬಾಗಿಲು ತಳ್ಳಿದಾಗ ಕಂಡದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೂರನೇ ಮಂಚದಲ್ಲಿ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಹಿರಿಯ ಸಿಸ್ಟರ್ ಅಳೆದ ಔಷಧಿ ಹಿಡಿದು ಬಗ್ಗಿದ್ದರು. ಮಗು ತುಟಿ ಬಿಗಿದು, ಮುಖವನ್ನು ಅಜ್ಜಿಯ ಎದೆಗೆ ಒತ್ತಿ, ಎರಡೂ ಕಾಲಿನಿಂದ ಒದೆಯುತ್ತಿತ್ತು. "ನಮ್ಮ ಬಂಗಾರ ಅಲ್ವಾ, ಒಂದೇ ಗುಟುಕು, ಆ ಮಾಡು" ಎಂದು ಅಜ್ಜಿ ಗೋಗರೆಯುತ್ತಿದ್ದರು. ಬಂಗಾರ ಆ ಮಾಡಲಿಲ್ಲ. ಆ ಹಟಮಾರಿಗೆ ನಾನು ಇಂದಿಗೂ ಋಣಿ.

"ಸಿಸ್ಟರ್, ಕೊಡಬೇಡಿ!"

ಇಡೀ ವಾರ್ಡು ತಿರುಗಿ ನೋಡಿತು. ಸಿಸ್ಟರ್ ಕೈ ಹಿಂದಕ್ಕೆ ತೆಗೆದರು. ಇವಳು ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು. ಆಗಲೂ ಮೂಲೆಗೆ ಕರೆದು ಪಿಸುಗುಟ್ಟಬಹುದಿತ್ತು. ಬಾಟಲಿ ಬದಲಾಗಿದೆ, ಲೆಕ್ಕ ಇನ್ನೊಮ್ಮೆ ನೋಡಿ ಎಂದಷ್ಟೇ ಹೇಳಿದ್ದರೂ ಕೆಲಸ ಆಗುತ್ತಿತ್ತು. ಇವಳು ಹಾಗೆ ಮಾಡಲಿಲ್ಲ.

"ನನ್ನ ಶೀಟಲ್ಲಿ ತಪ್ಪಿದೆ. ಇದು ನಾನು ಮಾಡಿದ ತಪ್ಪು. ಹೊಸ ಬಾಟಲಿಗೆ ಅದು ಎರಡರಷ್ಟು ಹೇಳುತ್ತೆ. ಇವತ್ತು ಯಾರಿಗಾದ್ರೂ ಕೊಟ್ಟಿದ್ದೀರಾ?"

"ಇಲ್ಲ. ಇದೇ ಮೊದಲನೇದು" ಎಂದರು ಸಿಸ್ಟರ್. ಮಹಾರಾಣಿ ಎಂದು ಕೂಗುವ ಆ ಗಂಟಲಿನಲ್ಲಿ ಅಂದು ಸದ್ದೇ ಇರಲಿಲ್ಲ. ಕೈಯಲ್ಲಿದ್ದ ಔಷಧಿಯನ್ನು ಒಮ್ಮೆ ನೋಡಿ, ತೊಟ್ಟಿಗೆ ಸುರಿದು, ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

ಅಜ್ಜಿಗೆ ಎಲ್ಲ ಅರ್ಥವಾಯಿತೋ ಇಲ್ಲವೋ, ಮಗುವನ್ನು ಇನ್ನಷ್ಟು ಅಪ್ಪಿಕೊಂಡು ಇವಳನ್ನು ದುರುಗುಟ್ಟಿ ನೋಡಿದರು. ಇವಳು ಅವರ ಹತ್ತಿರ ಹೋಗಿ ಕೈ ಜೋಡಿಸಿ ನಿಂತಳು. ಆ ನೋಟವನ್ನು ಇವಳು ತಲೆ ತಗ್ಗಿಸದೆ ತಡೆದುಕೊಂಡಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅಂಕಿ ತಿದ್ದಿದಳು, ದೊಡ್ಡ ಮೇಡಂ ಹಿಂದೆ ನಿಂತು ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡಿದರು, ಸಿಸ್ಟರ್ ಹೊಸದಾಗಿ ಅಳೆದರು. ಈ ಸಲ ಬಂಗಾರ ಒಂದೇ ಗುಟುಕಿಗೆ ಕುಡಿಯಿತು. ಉಳಿದ ವಾರ್ಡುಗಳಿಗೂ ಅವಳೇ ಹೋಗಿ, ಪ್ರತಿ ಕಡೆಯೂ ಅದೇ ಮಾತನ್ನು ಅಷ್ಟೇ ಜೋರಾಗಿ ಹೇಳಿ ತಿದ್ದಿ ಬಂದಳು. ಅಳತೆ ಟೇಪು ನೇತಾಡಿಸಿಕೊಂಡು ಹಿಂದೆ ಹಿಂದೆ ಹೋಗುತ್ತಿದ್ದ ನನ್ನನ್ನು ಯಾರೋ ಹೊಸ ಡಾಕ್ಟರ್ ಎಂದುಕೊಂಡು ಒಬ್ಬ ರೋಗಿಯ ತಂದೆ ನಮಸ್ಕಾರವನ್ನೂ ಹೊಡೆದ.

ಮನೆಗೆ ಬಂದ ಮೇಲೆ ಅತ್ತಳು. ನಾನು ತಡೆಯಲಿಲ್ಲ. ಅವಳ ತಮ್ಮ ಮಾತ್ರ ತನ್ನ ಕಾಲರಿನ ವಿಷಯಕ್ಕೇ ಅಕ್ಕ ಅಳುತ್ತಿದ್ದಾಳೆ ಎಂದುಕೊಂಡು, ಅಷ್ಟೂ ಅಂಗಿಯ ಕಾಲರು ಬಿಚ್ಚಲು ಕೂತುಬಿಟ್ಟಿದ್ದ.

ಆ ವಾರದ ಸಭೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳೇ ಹೇಳಿದಳು. ಅನಾಹುತ ಏನೂ ಆಗಿಲ್ಲವಲ್ಲ, ದೊಡ್ಡದು ಮಾಡುವುದು ಬೇಡ ಎಂದರು ಕೆಲವರು. ಶೀಟನ್ನು ತೆಗೆದು ಅದರ ಚಿತ್ರ ಅಂಟಿಸಿಬಿಡಿ, ಹಳೇ ಕಾಲದ ಹಾಳೆಯ ಹಾಗೆ, ಎಂದರು ಇನ್ನು ಕೆಲವರು. ಬಾಟಲಿಯ ಗಟ್ಟಿತನ ಬದಲಾದದ್ದನ್ನು ವಾರ್ಡುಗಳಿಗೂ ಬರೆದು ತಿಳಿಸಬೇಕಿತ್ತು, ಅದನ್ನು ತಾವು ಮರೆತದ್ದು ಎಂದು ದೊಡ್ಡ ಮೇಡಂ ತಮ್ಮ ಪಾಲನ್ನು ಎತ್ತಿಕೊಂಡರು. ಇವಳು ಎದ್ದು ನಿಂತಳು. ಮುಂದಿನ ಮಾತುಗಳನ್ನು ಮೇಡಂ ಆಮೇಲೆ ನನ್ನ ಅಂಗಡಿಗೇ ಬಂದು, ಕೋಟಿಗೆ ಗುಂಡಿ ಹಾಕಿಸುವ ನೆಪದಲ್ಲಿ, ಒಂದೊಂದಾಗಿ ಹೇಳಿದರು.

"ಚಿತ್ರ ಅಂಟಿಸಿದ್ರೆ ಅದೂ ಹಳೇದಾಗುತ್ತೆ. ಆದ್ರೆ ಆಗ ಹಳೇದಾಗಿದೆ ಅಂತ ಯಾರಿಗೂ ಗೊತ್ತಾಗಲ್ಲ. ತಪ್ಪು ಆಗಿದ್ದು ಶೀಟು ಒಳಗಿದ್ದಿದ್ದಕ್ಕೆ ಅಲ್ಲ. ಬಾಟಲಿ ಬಗ್ಗೆ ಅದು ಯಾರನ್ನೂ ಕೇಳ್ತಿರಲಿಲ್ಲ, ನಾನೇ ಎಲ್ಲಾ ತುಂಬಿ ಕೊಟ್ಟಿದ್ದೆ. ಇನ್ಮೇಲೆ ಅದು ಕೇಳಬೇಕು."

ಹಾಗೆ ಹುಟ್ಟಿದ್ದು ಹಳದಿ ಚೌಕ. ಶೀಟಿನ ಮೇಲುಗಡೆ ಎರಡು ಹಳದಿ ಬಣ್ಣದ ಖಾಲಿ ಚೌಕ ಇಟ್ಟಳು. ಮೊದಲನೆಯದು ಮಗುವಿನ ತೂಕಕ್ಕೆ. ಎರಡನೆಯದು, ಅವಳೇ ಹೊಸದಾಗಿ ಸೇರಿಸಿದ್ದು, ಕೈಯಲ್ಲಿರುವ ಬಾಟಲಿಯ ಮೇಲೆ ಬರೆದಿರುವ ಗಟ್ಟಿತನದ ಅಂಕಿಗೆ. ಬಾಟಲಿ ನೋಡಿ ಆ ಅಂಕಿ ತುಂಬುವವರೆಗೆ ಉತ್ತರ ಬರುವುದೇ ಇಲ್ಲ. ಮುಂದಿನ ಮಗುವಿಗೆ ಮತ್ತೆ ಖಾಲಿ ಮಾಡಿ ಮತ್ತೆ ತುಂಬಬೇಕು. ಬಾಟಲಿ ಬದಲಾಗಲಿ, ನೆಲಮಾಳಿಗೆಯವರು ಮರೆಯಲಿ, ನಕಲು ಎಷ್ಟೇ ಹಳೆಯದಾಗಲಿ, ಲೆಕ್ಕ ಎದುರಿಗಿರುವ ಬಾಟಲಿಯದೇ ಆಗಿರುತ್ತದೆ.

ಅದರ ಕೆಳಗೆ ಒಂದು ಸಾಲು ಬರೆದಳು: "ಈ ಶೀಟು ನಕಲು. ಒಮ್ಮೆ ತಪ್ಪು ಲೆಕ್ಕ ಕೊಟ್ಟಿದೆ. ಬಾಟಲಿ ನೋಡಿ ತುಂಬಿ."

ನಡುವಿನ ವಾಕ್ಯವನ್ನು ತೆಗೆ ಎಂದರು ದೊಡ್ಡ ಮೇಡಂ. ಆಸ್ಪತ್ರೆಯ ಕೈಪಿಡಿಯಲ್ಲಿ ನಮ್ಮ ತಪ್ಪನ್ನು ನಾವೇ ಸಾರುವುದು ಏಕೆ? ಇವಳು ಒಪ್ಪಲಿಲ್ಲ. "ಬಾಟಲಿ ನೋಡಿ ಅಂತ ಎಲ್ಲಾ ಕಡೇನೂ ಬರೆದಿರುತ್ತೆ ಮೇಡಂ, ಯಾರು ನೋಡ್ತಾರೆ? ಒಮ್ಮೆ ತಪ್ಪಾಗಿದೆ ಅಂದ್ರೆ ನೋಡ್ತಾರೆ." ಎರಡು ದಿನ ಇಬ್ಬರೂ ಬೇರೆ ಬೇರೆ ಟೀ ಕುಡಿದರು. ಮೂರನೇ ದಿನ ಮೇಡಂ ಸಹಿ ಹಾಕಿದರು.

ಸಿಸ್ಟರ್‌ಗಳು ಮೊದಮೊದಲು ಗೊಣಗಿದರು. ಪ್ರತಿ ಸಲ ಬಾಟಲಿ ತಿರುಗಿಸಿ ಓದುವುದು ತಲೆನೋವು ಎಂದರು. ಇವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದ ಸುತ್ತು ನಿಲ್ಲಿಸಲಿಲ್ಲ, ಆದರೆ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಳು. ಹಿಂದೆ ನಿಂತು, ಬಾಟಲಿ ಓದುತ್ತಾರೋ ಇಲ್ಲವೋ ನೋಡುತ್ತಿದ್ದಳು. ಹಿರಿಯ ಸಿಸ್ಟರ್ ಮಾತ್ರ ಒಂದು ದಿನವೂ ಗೊಣಗಲಿಲ್ಲ. ಗಟ್ಟಿ ಗಂಟಲಿನಲ್ಲಿ ಇಡೀ ವಾರ್ಡಿಗೆ ಕೇಳುವಂತೆ ಬಾಟಲಿ ಓದುತ್ತಿದ್ದರಂತೆ.

ಇಷ್ಟನ್ನು ಬರೆದು, ಇಲ್ಲಿಗೆ ಮುಗಿಯಿತು ಎಂದು ಕಾಗದಗಳನ್ನು ಮಡಚಿ ಇಟ್ಟಿದ್ದೆ. ಹೋದ ವಾರ ಮಗಳ ಊರಿಗೆ ಹೋಗಿದ್ದೆವು. ಅವಳ ಗಂಡು ಮಗುವಿಗೆ ಕೆಮ್ಮು, ಜ್ವರ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರಿಂದ ನಾವೇ ಹತ್ತಿರದ ಚಿಕ್ಕ ಚಿಕಿತ್ಸಾಲಯಕ್ಕೆ ಎತ್ತಿಕೊಂಡು ಹೋದೆವು. ಎರಡು ಕೋಣೆಯ ಜಾಗ, ಗೋಡೆಗೆ ಒರಗಿಸಿದ ಬೆಂಚು, ತೂಕದ ತಕ್ಕಡಿ, ಒಂದು ಹಳೆಯ ಕಂಪ್ಯೂಟರ್. ಡಾಕ್ಟರ್ ನೋಡಿ ಔಷಧಿ ಬರೆದರು. ಒಬ್ಬ ಎಳೆಯ ಸಿಸ್ಟರ್ ಮಗುವನ್ನು ತೂಗಿ, ಬಾಟಲಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದಳು. ಬರಹ, ಬರಹದ ನಡುವೆ ಚೌಕಗಳು, ಅದರಲ್ಲಿ ಎರಡು ಹಳದಿ.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅವಳ ಮುಖ ನೋಡಿದೆ. ಅವಳು ಪರದೆಯಿಂದ ಕಣ್ಣು ಕೀಳದೆ ನಿಂತಿದ್ದಳು. ಮಗುವಿನ ಬೆನ್ನ ಮೇಲಿದ್ದ ಅವಳ ಬೆರಳುಗಳು ಮೆಲ್ಲಗೆ ಟೈಪ್ ಮಾಡುತ್ತಿದ್ದವು.

"ಅಮ್ಮಾ, ಬಾಟಲಿ ಮೇಲಿರೋ ಅಂಕಿ ಓದಿ" ಎಂದಳು ಸಿಸ್ಟರ್. "ಇದನ್ನ ತುಂಬಲಿಲ್ಲ ಅಂದ್ರೆ ಉತ್ತರ ಬರಲ್ಲ."

"ಇದು ಎಲ್ಲಿಂದ ಬಂತಮ್ಮ ನಿಮಗೆ?" ಎಂದು ನನ್ನ ಹೆಂಡತಿ ಕೇಳಿದಳು.

"ಗೊತ್ತಿಲ್ಲಮ್ಮ, ನಾನು ಸೇರೋದಕ್ಕೆ ಮುಂಚೇನೇ ಇದೆ. ಯಾರೋ ಯಾರಿಂದಲೋ ತಗೊಂಡಿರ್ತಾರೆ." ಆ ಹುಡುಗಿ ಪರದೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ನೋಡಿ, ಒಮ್ಮೆ ತಪ್ಪು ಲೆಕ್ಕ ಕೊಟ್ಟಿದೆ ಅಂತ ಬರೆದಿದ್ದಾರೆ. ಯಾರ ಕೈಲಿ ಆ ತಪ್ಪಾಯ್ತೋ ಏನೋ. ಇದನ್ನ ಓದಿದಾಗಲೆಲ್ಲ ನನಗೆ ಕೈ ನಿಧಾನ ಆಗುತ್ತೆ."

ನನಗೆ ತಡೆಯಲಾಗಲಿಲ್ಲ. ಎದೆ ಉಬ್ಬಿಸಿಕೊಂಡು, ಇದನ್ನು ಮಾಡಿದವರು ಯಾರು ಗೊತ್ತೇನಮ್ಮ ಎಂದು ಶುರುಮಾಡುವವನಿದ್ದೆ. ಅಷ್ಟರಲ್ಲಿ ಅವಳೇ ಮಾತಾಡಿದಳು. ಅಂದು ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದಳಲ್ಲ, ಅದೇ ಧ್ವನಿಯಲ್ಲಿ.

"ಆ ತಪ್ಪು ಮಾಡಿದ್ದು ನಾನೇ ಕಣಮ್ಮ."

ಬೆಂಚಿನ ಮೇಲೆ ಕೂತಿದ್ದವರೆಲ್ಲ ತಲೆ ಎತ್ತಿದರು. ಹಳದಿ ಚೌಕ ಮಾಡಿದ್ದು ನಾನು ಎನ್ನಬಹುದಿತ್ತು. ಅದನ್ನು ಅವಳು ಹೇಳಲೇ ಇಲ್ಲ. ಹುಡುಗಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ನಂಬಿದಳೋ, ವಯಸ್ಸಾದವರ ತಮಾಷೆ ಎಂದುಕೊಂಡಳೋ ತಿಳಿಯಲಿಲ್ಲ. ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಮುಗುಳ್ನಕ್ಕಳು.

"ನೀವೇ ಆದ್ರೂ ಬಾಟಲಿ ಓದಲೇಬೇಕಮ್ಮ."

ನನ್ನ ಹೆಂಡತಿ ಕನ್ನಡಕ ಸರಿಮಾಡಿಕೊಂಡು, ಬಾಟಲಿಯನ್ನು ಬೆಳಕಿಗೆ ಹಿಡಿದು, ಅಂಕಿಯನ್ನು ಗಟ್ಟಿಯಾಗಿ ಓದಿದಳು.